ಲಕೋಟೆ ಡಲ್ಲಾಸ್‌ನಲ್ಲೇ ಇರಲಿ, ಸೀಮಂತ ಶಿರಸಿಯಲ್ಲಿ ಆಗಲಿ

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು, ಅಡಿಕೆ ತೋಟದ ಮನೆ. ಕಿರಿಯ ಮಗ ಮತ್ತು ಸೊಸೆ ಅಮೆರಿಕದ ಡಲ್ಲಾಸ್‌ನಲ್ಲಿದ್ದಾರೆ. ಸೊಸೆಗೆ ಈಗ ಐದು ತಿಂಗಳು. ಏಳನೆಯ ತಿಂಗಳಲ್ಲಿ ಸೀಮಂತಕ್ಕೆಂದು ಊರಿಗೆ ಬರುತ್ತಿದ್ದಾರೆ. ಅಲ್ಲಿ ರಕ್ತಪರೀಕ್ಷೆಯಿಂದಲೇ ಮಗು ಗಂಡೋ ಹೆಣ್ಣೋ ಎಂದು ತಿಳಿಯುತ್ತದಂತೆ. ಫಲಿತಾಂಶವನ್ನು ತಾವೂ ನೋಡದೆ ಲಕೋಟೆಯಲ್ಲಿ ಇಡಿಸಿಕೊಂಡಿದ್ದಾರೆ. ಸೀಮಂತದ ಮರುದಿನ ಕಾರವಾರದ ಕಡಲತೀರದಲ್ಲಿ ನೆಂಟರನ್ನೆಲ್ಲ ಸೇರಿಸಿ ‘ಜೆಂಡರ್ ರಿವೀಲ್ ಪಾರ್ಟಿ’ ಮಾಡುವ ಆಸೆ ಅವರದು. ಹೆಣ್ಣಾದರೆ ಗುಲಾಬಿ ಪುಡಿ, ಗಂಡಾದರೆ ನೀಲಿ ಪುಡಿ ಹಾರಿಸುತ್ತಾರಂತೆ. ಪರೀಕ್ಷೆ ವಿದೇಶದಲ್ಲಿ ಆದದ್ದರಿಂದ ತೊಂದರೆಯಿಲ್ಲ ಎಂದು ಹೇಳಿ ಆಯೋಜಕ ಮುಂಗಡವನ್ನೂ ಪಡೆದಿದ್ದಾನೆ. ನಮ್ಮ ಯಜಮಾನರು ಇದು ನಮ್ಮ ಸಂಸ್ಕೃತಿಯಲ್ಲ ಎಂದು ಸಿಟ್ಟಾಗಿದ್ದಾರೆ. ಹಿರಿಸೊಸೆಗೆ ಇಬ್ಬರು ಹೆಣ್ಣುಮಕ್ಕಳು, ಅವಳು ಈ ವಿಷಯ ಬಂದಾಗ ಏನೂ ಹೇಳದೆ ಒಳಗೆ ಹೋಗುತ್ತಾಳೆ. ಇದರಲ್ಲಿ ತಪ್ಪಿದೆಯೇ? ಇದ್ದರೆ ಮಗ, ಸೊಸೆಯ ಮನಸ್ಸು ನೋಯದಂತೆ ಹೇಗೆ ಹೇಳಲಿ?

ಉತ್ತರ: ಪಾರ್ಟಿ ಬೇಡ. ಕಾರವಾರದ ಕಡಲತೀರದಲ್ಲೂ ಬೇಡ, ನಿಮ್ಮ ಮನೆಯ ಅಂಗಳದಲ್ಲೂ ಬೇಡ. ಸೀಮಂತವನ್ನು ಮಾತ್ರ ನಿಮ್ಮ ಕೈಲಾದಷ್ಟು ಸಂಭ್ರಮದಿಂದ ಮಾಡಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂಗಡ ಹೋಗಿದೆ, ದಿನಗಳು ಹತ್ತಿರವಾಗುತ್ತಿವೆ. ಕಾರಣಗಳನ್ನು ಬಿಡಿಸಿ ಹೇಳಬೇಕು. ಕಾರಣವಿಲ್ಲದ ‘ಬೇಡ’ ಡಲ್ಲಾಸ್ ತಲುಪುವಷ್ಟರಲ್ಲಿ ಹಿರಿಯರ ಹಟವಾಗಿ ಕೇಳಿಸುತ್ತದೆ.

ಮೊದಲು ಕಾನೂನು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ನಮ್ಮ ದೇಶದಲ್ಲಿ 1994ರಲ್ಲಿ ಆಯಿತು, 1996ರ ಜನವರಿ 1ರಂದು ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ವೈದ್ಯರು ಇದನ್ನು ಪಿಸಿಪಿಎನ್‌ಡಿಟಿ ಕಾಯ್ದೆ ಎನ್ನುತ್ತೇವೆ. ಕುಮಟಾ, ಶಿರಸಿ, ಕಾರವಾರ ಎಲ್ಲಿಯ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರೂ ಭ್ರೂಣದ ಲಿಂಗ ಬಹಿರಂಗಪಡಿಸುವುದನ್ನು ನಿಷೇಧಿಸಲಾಗಿದೆ ಎಂಬ ಫಲಕ ಕಾಣುತ್ತದೆ. ಸ್ಕ್ಯಾನಿಂಗ್‌ಗೆ ಮೊದಲು ಪ್ರತಿ ಗರ್ಭಿಣಿಯೂ ಮಗುವಿನ ಲಿಂಗ ತಿಳಿಯುವ ಇಚ್ಛೆ ತನಗಿಲ್ಲವೆಂದು ‘ಫಾರ್ಮ್ ಎಫ್’ನಲ್ಲಿ ಸಹಿ ಮಾಡುತ್ತಾಳೆ. ತಾನು ಹೇಳಿಲ್ಲವೆಂದು ವೈದ್ಯರೂ ಸಹಿ ಮಾಡುತ್ತಾರೆ. ನಿಮ್ಮ ಹಿರಿಸೊಸೆ ಎರಡು ಬಸಿರಿನಲ್ಲೂ ಆ ಸಹಿ ಮಾಡಿರುತ್ತಾಳೆ, ಕೇಳಿ ನೋಡಿ.

ಇದು ಆಸ್ಪತ್ರೆಯವರಿಗಷ್ಟೇ ಇರುವ ಕಟ್ಟಳೆ ಎಂದು ಅನೇಕರು ತಿಳಿದಿದ್ದಾರೆ. ಕಾಯ್ದೆಯ ಐದನೆಯ ಸೆಕ್ಷನ್ ಹಾಗೆ ಹೇಳುವುದಿಲ್ಲ. ಭ್ರೂಣದ ಲಿಂಗವನ್ನು ಗರ್ಭಿಣಿಗಾಗಲಿ, ಅವಳ ಸಂಬಂಧಿಕರಿಗಾಗಲಿ, ಬೇರೆ ಯಾರಿಗೇ ಆಗಲಿ ಮಾತಿನಿಂದ, ಸಂಜ್ಞೆಯಿಂದ ಅಥವಾ ಇನ್ನಾವುದೇ ರೀತಿಯಿಂದ ಯಾವ ವ್ಯಕ್ತಿಯೂ ತಿಳಿಸಬಾರದು ಎಂಬುದು ಅದರ ತಾತ್ಪರ್ಯ. ಗುಲಾಬಿ ಅಥವಾ ನೀಲಿ ಪುಡಿ ಹಾರಿಸುವುದು ಸಂಜ್ಞೆಯಲ್ಲದೆ ಮತ್ತೇನು? ಪರೀಕ್ಷೆ ಹೊರದೇಶದಲ್ಲಿ ಆಗಿದ್ದರೆ ಪರವಾಗಿಲ್ಲ ಎಂಬ ವಿನಾಯಿತಿ ಆ ಸೆಕ್ಷನ್‌ನಲ್ಲಿ ಎಲ್ಲಿಯೂ ಇಲ್ಲ. 2024ರ ಮೇ ತಿಂಗಳಲ್ಲಿ ಚೆನ್ನೈನ ಯೂಟ್ಯೂಬರ್ ಒಬ್ಬರು ಮಾಡಿದ್ದು ಹೆಚ್ಚುಕಡಿಮೆ ನಿಮ್ಮ ಮಗ ಮಾಡಹೊರಟಿರುವುದನ್ನೇ. ದುಬೈಯಲ್ಲಿ ಪರೀಕ್ಷೆ ಮಾಡಿಸಿದರು, ಊರಿಗೆ ಬಂದು ಪಾರ್ಟಿ ಮಾಡಿದರು, ವಿಡಿಯೋ ಹಾಕಿದರು. ತಮಿಳುನಾಡಿನ ಆರೋಗ್ಯ ಇಲಾಖೆ ನೋಟಿಸ್ ಕೊಟ್ಟಿತು. ವಿಡಿಯೋ ತೆಗೆದು ಕ್ಷಮೆ ಕೇಳಬೇಕಾಯಿತು. ಆದ್ದರಿಂದ ನಿಮ್ಮ ಆಯೋಜಕನ ಭರವಸೆಯನ್ನು ನಂಬಬೇಡಿ. ನಾಳೆ ಅಧಿಕಾರಿಗಳು ಬಂದರೆ ಉತ್ತರ ಕೊಡಬೇಕಾದವರು ನಿಮ್ಮ ಮನೆಯವರು.

ಶಿಕ್ಷೆಯ ವಿಷಯವನ್ನು ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ, ಕಾಯ್ದೆ ಯಾರ ಪರ ನಿಂತಿದೆ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ. ಲಿಂಗ ಪತ್ತೆ ಮಾಡುವ ವೈದ್ಯರಿಗೆ ಮೂರು ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ, ಜೊತೆಗೆ ವೈದ್ಯಕೀಯ ನೋಂದಣಿಯೂ ಹೋಗುತ್ತದೆ. ಪತ್ತೆ ಮಾಡಿಕೊಡಿ ಎಂದು ಕೇಳಿಕೊಂಡು ಬರುವವರಿಗೂ ಮೂರು ವರ್ಷದವರೆಗೆ ಸೆರೆ ಇದೆ, ದಂಡ ಮಾತ್ರ 50,000 ರೂಪಾಯಿವರೆಗೆ. ಗರ್ಭಿಣಿಯ ಮಟ್ಟಿಗೆ ಕಾಯ್ದೆ ಬೇರೆ ನಿಲುವು ತಳೆಯುತ್ತದೆ. ಬೇರೆಯದು ಸಾಬೀತಾಗುವವರೆಗೆ, ಗಂಡ ಅಥವಾ ಸಂಬಂಧಿಕರು ಅವಳನ್ನು ಒತ್ತಾಯಿಸಿದ್ದಾರೆ ಎಂದೇ ನ್ಯಾಯಾಲಯ ಭಾವಿಸಬೇಕು. ಈ ಕಾಯ್ದೆಯ ಅಪರಾಧಗಳಿಗೆ ಜಾಮೀನು ಸುಲಭವಿಲ್ಲ, ರಾಜಿಯೂ ಇಲ್ಲ. ಬಸುರಿ ಹೆಣ್ಣಿನ ಮೇಲೆ ಮನೆಯೊಳಗೆ ಎಂಥ ಒತ್ತಡ ಬೀಳುತ್ತದೆ ಎಂಬುದನ್ನು ಬಲ್ಲವರು ಬರೆದ ಕಾಯ್ದೆ ಇದು.

‘ನಮ್ಮ ಕಡೆ ಅಂಥದ್ದೆಲ್ಲ ಇಲ್ಲ’ ಎಂಬ ಮಾತನ್ನು ಘಟ್ಟದ ಮೇಲೂ ಕೇಳಿದ್ದೇನೆ, ಕರಾವಳಿಯಲ್ಲೂ ಕೇಳಿದ್ದೇನೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಸ್ವಾಭಾವಿಕವಾಗಿ ಸಾವಿರ ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳು ಹುಟ್ಟುತ್ತಾರೆ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ ಈ ಲೆಕ್ಕ ಇಡೀ ದೇಶಕ್ಕೆ 919, ಕರ್ನಾಟಕಕ್ಕೆ 948. ರಾಜ್ಯದ ಸರಾಸರಿ ನೋಡಿದರೆ ನೆಮ್ಮದಿಯೆನಿಸುತ್ತದೆ. ಆದರೆ 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದು ಇದೇ ರಾಜ್ಯದಲ್ಲಿ. ಬೆಲ್ಲ ಕಾಯಿಸುವ ಮನೆಗೆ ಗುಟ್ಟಾಗಿ ಕರೆದೊಯ್ದ ಆ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಸ್ವಂತ ಇಚ್ಛೆಯಿಂದ ಕಾರು ಹತ್ತಿದ್ದರು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ನಿಮ್ಮ ಮಗ ಇಲ್ಲಿ ಒಂದು ನ್ಯಾಯವಾದ ಮಾತು ಎತ್ತಬಹುದು. ‘ನಮಗೆ ಯಾವುದಾದರೂ ಸಂತೋಷವೇ. ನಾವು ಮಗುವನ್ನು ಉಳಿಸಿಕೊಳ್ಳುವವರು. ನಮಗೇಕೆ ಈ ನಿಯಮ?’ ಅವರ ಮನಸ್ಸು ಶುದ್ಧವಾಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪಾರ್ಟಿಯಲ್ಲಿ ಅವರಿಬ್ಬರೇ ಇರುವುದಿಲ್ಲ. ಅಡುಗೆಗೆ ಬಂದವರು, ಕಾರು ಓಡಿಸಿದವನು, ಕುರ್ಚಿ ಹಾಕಿದ ಹುಡುಗ, ಪಾತ್ರೆ ತೊಳೆಯಲು ಬಂದ ಬಸುರಿ ಹೆಂಗಸು, ಎಲ್ಲರೂ ನೋಡುತ್ತಿರುತ್ತಾರೆ. ಅವರ ಮನೆಗಳಲ್ಲಿ ಅತ್ತೆಯೋ ಗಂಡನೋ ಪ್ರಶ್ನೆ ಎತ್ತಿದಾಗ ಆ ಹೆಣ್ಣುಮಗಳು ಇದುವರೆಗೆ ‘ಡಾಕ್ಟರು ಹೇಳುವುದಿಲ್ಲ, ಹೇಳಿದರೆ ಜೈಲು’ ಎಂದು ಬಾಯಿ ಮುಚ್ಚಿಸಬಲ್ಲವಳಾಗಿದ್ದಳು. ನಿಮ್ಮ ಪಾರ್ಟಿಯ ಮರುದಿನದಿಂದ ‘ದುಡ್ಡಿದ್ದವರಿಗೆ ಎಲ್ಲ ಗೊತ್ತಾಗುತ್ತದೆ’ ಎಂಬ ಮಾತು ಊರಿನಲ್ಲಿ ಹರಿದಾಡುತ್ತದೆ. ದಲ್ಲಾಳಿಗಳು ಬಂಡವಾಳ ಮಾಡಿಕೊಳ್ಳುವುದು ಇಂಥ ಮಾತನ್ನೇ. ಹೇಳಬಾರದು ಎಂಬ ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಅದು ದುರ್ಬಲರನ್ನು ಕಾಯುತ್ತದೆ.

ಇನ್ನು ನಿಮ್ಮ ಮನೆಯೊಳಗಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿರಿಸೊಸೆ ಒಳಗೆ ಹೋಗುತ್ತಾಳೆ ಎಂಬ ಒಂದು ಸಾಲು.

ಹೆರಿಗೆ ಕೋಣೆಯ ಬಾಗಿಲು ತೆರೆದು, ಹೊರಗೆ ಕಾಯುತ್ತಿರುವವರಿಗೆ ಸುದ್ದಿ ಹೇಳುವುದು ನನ್ನ ಕೆಲಸದ ಭಾಗ. ಗಂಡು ಎಂದಾಗ ನಗು ಬರುತ್ತದೆ, ಫೋನುಗಳು ಹೊರಬರುತ್ತವೆ. ಹೆಣ್ಣು ಎಂದಾಗ, ಓದಿದವರ ಮನೆಗಳಲ್ಲೂ ಒಳ್ಳೆಯವರ ಮನೆಗಳಲ್ಲೂ, ಯಾರಾದರೂ ಒಬ್ಬರು ‘ಇರಲಿ ಬಿಡಿ, ಲಕ್ಷ್ಮಿ ಬಂದಳು’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಅದು ಸಮಾಧಾನದ ಮಾತು. ಗಂಡು ಹುಟ್ಟಿತೆಂದು ಯಾರಾದರೂ ಯಾರಿಗಾದರೂ ಸಮಾಧಾನ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಹೊತ್ತಿಗೆ ಮಗು ಹುಟ್ಟಿಯಾಗಿರುತ್ತದೆ ಎಂಬುದೇ ದೊಡ್ಡ ರಕ್ಷೆ. ಮಗುವಿಗೆ ಮುಖವಿದೆ, ಅಳುವಿದೆ, ಬೆರಳು ಕೊಟ್ಟರೆ ಹಿಡಿಯುತ್ತದೆ. ಬೆಳಿಗ್ಗೆ ಮುಖ ಸಪ್ಪೆ ಮಾಡಿಕೊಂಡ ಅಜ್ಜಿ ಸಂಜೆಯ ಹೊತ್ತಿಗೆ ಮಗುವನ್ನು ತೊಡೆಯಿಂದ ಕೆಳಗಿಳಿಸಲು ಒಪ್ಪುವುದಿಲ್ಲ. ಇದನ್ನು ಮತ್ತೆ ಮತ್ತೆ ಕಣ್ಣಾರೆ ಕಂಡಿದ್ದೇನೆ. ಹುಟ್ಟುವ ಮೂರು ತಿಂಗಳ ಮೊದಲೇ ಪುಡಿ ಹಾರಿಸಿ ಸುದ್ದಿ ಹೇಳಿದರೆ, ಹಿರಿಯರ ಮನಸ್ಸಿನ ಆ ಸಣ್ಣ ನಿರಾಸೆಯನ್ನು ಕರಗಿಸಲು ಮಗುವಿನ ಮುಖವೇ ಇರುವುದಿಲ್ಲ. ತಾಯಿಯ ಹೊಟ್ಟೆ ಮಾತ್ರ ಕಾಣುತ್ತದೆ. ಮೂರು ತಿಂಗಳ ಕಾಲ ಊರವರ ‘ಇರಲಿ ಬಿಡಿ’ಗಳನ್ನೆಲ್ಲ ಹೊರಬೇಕಾದವಳು ಅವಳು. ಬಸಿರಿನ ಕೊನೆಯ ತಿಂಗಳುಗಳಲ್ಲಿ ನಿದ್ದೆ ಕಡಿಮೆ, ಆತಂಕ ಹೆಚ್ಚು. ಆ ಹೊರೆ ಅವಳಿಗೆ ಏಕೆ ಬೇಕು?

ಪಾರ್ಟಿಯ ದಿನ ಕಡಲತೀರದಲ್ಲಿ ಏನಾಗುತ್ತದೆ ಎಂಬುದನ್ನೂ ಒಮ್ಮೆ ಯೋಚಿಸಿ. ಬಂದವರು ಎರಡು ಪಂಗಡವಾಗುತ್ತಾರೆ, ಎದೆಗೆ ನೀಲಿ ಅಥವಾ ಗುಲಾಬಿ ಬಿಲ್ಲೆ ಅಂಟಿಸಿಕೊಳ್ಳುತ್ತಾರೆ, ಎಣಿಕೆ ಶುರುವಾಗುತ್ತದೆ, ಕ್ಯಾಮೆರಾ ಪ್ರತಿಯೊಬ್ಬರ ಮುಖದ ಮೇಲೂ ಇರುತ್ತದೆ. ನೀಲಿ ಹಾರಿದರೆ ಕೇಕೆ ಎಷ್ಟು ಜೋರಾಗಿರುತ್ತದೆ ಎಂಬುದನ್ನು ನಿಮ್ಮ ಮೊಮ್ಮಕ್ಕಳಿಬ್ಬರೂ ಕೇಳಿಸಿಕೊಳ್ಳುತ್ತಾರೆ. ಗುಲಾಬಿ ಹಾರಿದರೆ ಅರೆಗಳಿಗೆ ತಡೆದು ಬರುವ ಚಪ್ಪಾಳೆಯನ್ನೂ ಕೇಳಿಸಿಕೊಳ್ಳುತ್ತಾರೆ. ಮಕ್ಕಳಿಗೆ ಇಂಥದ್ದು ಯಾರೂ ವಿವರಿಸಬೇಕಾಗಿಲ್ಲ. ಅವರ ತಾಯಿ ಈಗಲೇ ಒಳಗೆ ಹೋಗುತ್ತಿದ್ದಾಳೆ ಎಂದರೆ, ಎರಡನೆಯ ಹೆರಿಗೆಯಲ್ಲಿ ಕೇಳಿದ ಮಾತುಗಳು ಅವಳಿಗೆ ಇನ್ನೂ ನೆನಪಿವೆ ಎಂದು ನನಗನ್ನಿಸುತ್ತದೆ. ಮಗು ಗಂಡಾಗುವುದೋ ಹೆಣ್ಣಾಗುವುದೋ ತಂದೆಯ ವೀರ್ಯಾಣು ವೈ ಕ್ರೋಮೋಸೋಮ್ ತಂದಿತೋ ಎಕ್ಸ್ ತಂದಿತೋ ಎಂಬುದರ ಮೇಲಿದೆ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಮಾತ್ರ. ಈ ಸಂಗತಿಯನ್ನು ಶಾಲೆಯಲ್ಲಿ ಓದಿದವರೂ ಮನೆಯಲ್ಲಿ ಮರೆಯುತ್ತಾರೆ. ದಯವಿಟ್ಟು ಈ ವಾರವೇ ಅವಳ ಜೊತೆ ಒಬ್ಬರೇ ಕುಳಿತು ಮಾತಾಡಿ. ಸೀಮಂತದ ತಯಾರಿಯ ಮುಂದಾಳತ್ವವನ್ನು ಅವಳ ಕೈಗೆ ಕೊಡಿ, ಆದರೆ ಅವಳಿಗೆ ಇಷ್ಟವಿದ್ದರೆ ಮಾತ್ರ.

ನಿಮ್ಮ ಯಜಮಾನರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ನಿರ್ಧಾರದಲ್ಲಿ ಅವರೂ ನಾನೂ ಒಂದೇ ಕಡೆ ಇದ್ದೇವೆ, ಕಾರಣದಲ್ಲಿ ಇಲ್ಲ. ಪರದೇಶದ್ದು ಎಂಬ ಕಾರಣಕ್ಕೆ ಒಂದು ಆಚರಣೆ ಕೆಟ್ಟದ್ದಾಗುವುದಿಲ್ಲ. ನಮ್ಮ ಸ್ವಂತ ಆಚರಣೆಗಳೂ ಈ ವಿಷಯದಲ್ಲಿ ನಿರ್ಮಲವಾಗಿಲ್ಲ. ಷೋಡಶ ಸಂಸ್ಕಾರಗಳಲ್ಲಿ ಸೀಮಂತಕ್ಕಿಂತ ಮೊದಲು ಬರುವ ಪುಂಸವನದ ಆಶಯವೇ ಗಂಡು ಸಂತಾನ. ಬಸುರಿ ಕಾಲಿಗೆರಗಿದಾಗ ಇಂದಿಗೂ ‘ಅಷ್ಟಪುತ್ರಾ ಸೌಭಾಗ್ಯವತೀ ಭವ’ ಎಂದು ಹರಸುತ್ತೇವೆ. ಕಾರವಾರದ ಕಡೆ ಮರಾಠಿ ನಂಟಿರುವ ಮನೆಗಳಿಗೆ ಡೋಹಾಳೆ ಜೇವಣ ಗೊತ್ತು. ಅದರಲ್ಲಿ ಮುಚ್ಚಿದ ಎರಡು ಬಟ್ಟಲುಗಳನ್ನು ಬಸುರಿಯ ಮುಂದಿಡುತ್ತಾರೆ, ಒಂದರಲ್ಲಿ ಪೇಡೆ, ಇನ್ನೊಂದರಲ್ಲಿ ಬರ್ಫಿ. ಪೇಡೆ ಸಿಕ್ಕರೆ ಗಂಡು, ಬರ್ಫಿ ಸಿಕ್ಕರೆ ಹೆಣ್ಣು ಎಂದು ನಗುತ್ತಾರೆ. ನಿಮ್ಮ ಕಡೆಯ ಅಜ್ಜಿಯಂದಿರೂ ಹೊಟ್ಟೆಯ ಆಕಾರ ನೋಡಿ ಮಾಣಿಯೋ ಕೂಸೋ ಎಂದು ಭವಿಷ್ಯ ಹೇಳುವವರೇ. ಇವು ಯಾರಿಗೂ ಏನೂ ಗೊತ್ತಿಲ್ಲದ ಊಹೆಯ ಆಟಗಳಾದ್ದರಿಂದ ಕಾನೂನಿಗೆ ಇವುಗಳ ಗೊಡವೆಯಿಲ್ಲ. ಆದರೆ ಕುತೂಹಲ ಹಳೆಯದು, ಗಂಡಿನ ಆಸೆಯೂ ಹಳೆಯದು, ಎರಡೂ ನಮ್ಮವೇ. ಆದ್ದರಿಂದ ಸಂಸ್ಕೃತಿಯ ಹೆಸರೆತ್ತಿ ಮಗನನ್ನು ಗದರಿಸಿದರೆ ಅವನು ತಿರುಗಿ ಇದನ್ನೆಲ್ಲ ಕೇಳಿಯಾನು, ಕೇಳುವ ಹಕ್ಕೂ ಅವನಿಗಿದೆ. ಪೌರೋಹಿತ್ಯಕ್ಕೆ ಬರುವ ಭಟ್ಟರಿಗೆ ಮೊದಲೇ ಹೇಳಿಡಿ: ಆಶೀರ್ವಾದ ಆರೋಗ್ಯವಂತ ಸಂತಾನಕ್ಕಿರಲಿ, ತಾಯಿಯ ಸುಖಪ್ರಸವಕ್ಕಿರಲಿ. ಒಪ್ಪದ ಭಟ್ಟರನ್ನು ನಾನು ಈವರೆಗೆ ಕಂಡಿಲ್ಲ.

ಸೊಸೆಯ ಕಡೆಯಿಂದಲೂ ನೋಡೋಣ. ಡಲ್ಲಾಸ್‌ನಲ್ಲಿ ಇದು ಪೂರ್ತಿ ಕಾನೂನುಬದ್ಧ. ಬಸಿರಿನ ಹತ್ತನೆಯ ವಾರದಿಂದಲೇ ತಾಯಿಯ ರಕ್ತದಲ್ಲಿ ಹರಿಯುವ ಮಗುವಿನ ಡಿಎನ್‌ಎ ತುಣುಕುಗಳನ್ನು ಪರೀಕ್ಷಿಸುತ್ತಾರೆ. ಕ್ರೋಮೋಸೋಮ್ ದೋಷಗಳನ್ನು ಪತ್ತೆಹಚ್ಚಲು ಬಂದ ಪರೀಕ್ಷೆ ಅದು, ಲಿಂಗವೂ ಅದರಲ್ಲೇ ತಿಳಿಯುತ್ತದೆ. ಇದೇ ಪರೀಕ್ಷೆ ಭಾರತದಲ್ಲೂ ಇದೆ, ಇಲ್ಲಿಯ ವರದಿಯಲ್ಲಿ ಲಿಂಗ ಇರುವುದಿಲ್ಲ. ಅವಳ ಸಹೋದ್ಯೋಗಿಗಳು, ಪಕ್ಕದ ಮನೆಯವರು ಎಲ್ಲರೂ ಇಂಥ ಪಾರ್ಟಿ ಮಾಡಿರುತ್ತಾರೆ. ಅವಳು ಮಾಡಿದ್ದರಲ್ಲಿ ಅಪರಾಧವಿಲ್ಲ, ಅವಳನ್ನು ಅಪರಾಧಿಯಂತೆ ಕಾಣಬೇಡಿ.

ಈ ಪಾರ್ಟಿ ಹುಟ್ಟಿದ್ದೇ ಒಬ್ಬ ತಾಯಿಯ ನಿಜವಾದ ಸಂತೋಷದಿಂದ. ಅಮೆರಿಕದ ಬ್ಲಾಗ್ ಬರಹಗಾರ್ತಿ ಜೆನ್ನಾ ಕಾರ್ವುನಿಡಿಸ್ 2008ರಲ್ಲಿ ಮನೆಯವರ ಮುಂದೆ ಕೇಕ್ ಕತ್ತರಿಸಿದರು, ಒಳಗೆ ಗುಲಾಬಿ ಬಣ್ಣವಿತ್ತು. ಅದಕ್ಕೆ ಮೊದಲು ಅವರಿಗೆ ಹಲವು ಬಾರಿ ಗರ್ಭಪಾತವಾಗಿತ್ತು. ಈ ಬಸಿರು ಇಷ್ಟು ದೂರ ಬಂತಲ್ಲ ಎಂಬುದೇ ಅವರ ಹಬ್ಬವಾಗಿತ್ತು. ಬಸಿರು ಕಳೆದುಕೊಂಡವರ ನೋವನ್ನು ದಿನವೂ ಕಾಣುವ ನನಗೆ ಆ ಸಂತೋಷ ಚೆನ್ನಾಗಿ ಅರ್ಥವಾಗುತ್ತದೆ. ಅದೇ ತಾಯಿ 2019ರಲ್ಲಿ ತಮ್ಮ ವಿಷಾದವನ್ನು ಬಹಿರಂಗವಾಗಿ ಬರೆದರು. ಹುಟ್ಟುವ ಮೊದಲೇ ಮಗುವಿನ ಲಿಂಗಕ್ಕೆ ಇಷ್ಟು ತೂಕ ಕೊಡುವುದು ಸರಿಯಲ್ಲ ಎಂದು ಅವರಿಗೆ ಅನ್ನಿಸಿತ್ತು. ಆ ಹೊತ್ತಿಗೆ ಅವರ ಆ ಮಗಳು ಸೂಟು ತೊಟ್ಟು ಓಡಾಡುವ ಹುಡುಗಿಯಾಗಿ ಬೆಳೆದಿದ್ದಳು.

ಅಷ್ಟರಲ್ಲಿ ಪಾರ್ಟಿ ಅವರ ಕೈಮೀರಿ ಹೋಗಿತ್ತು. ಕೇಕ್ ಹೋಗಿ ಸಿಡಿಮದ್ದು ಬಂತು. 2020ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಉದ್ಯಾನವೊಂದರಲ್ಲಿ ಇಂಥ ಪಾರ್ಟಿಗಾಗಿ ಹಚ್ಚಿದ ಬಣ್ಣದ ಹೊಗೆಯ ಸಾಧನದಿಂದ ಒಣಹುಲ್ಲಿಗೆ ಕಿಡಿ ತಾಗಿ 22,000 ಎಕರೆಗೂ ಹೆಚ್ಚು ಪ್ರದೇಶ ಸುಟ್ಟುಹೋಯಿತು, ಬೆಂಕಿ ಆರಿಸಲು ಹೋದ ಸಿಬ್ಬಂದಿಯೊಬ್ಬರು ಸತ್ತರು. ಇದನ್ನು ನಿಮ್ಮ ಮಗನೂ ಬಲ್ಲ. ನಮ್ಮ ಕಡಲತೀರದಲ್ಲಿ ಕಾಡ್ಗಿಚ್ಚಿನ ಭಯವಿಲ್ಲ ನಿಜ. ಆದರೆ ಪುಡಿ ಮೂಗಿಗೆ ಹೋದರೆ ಉಬ್ಬಸದವರಿಗೆ ಕಷ್ಟ. ಚಳಿಗಾಲ ಮತ್ತು ಬೇಸಿಗೆಯ ಆರಂಭದಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ಮರಳು ನಮ್ಮದು, ಅಲ್ಲಿ ಒಡೆದ ಬಲೂನುಗಳನ್ನು ಬಿಟ್ಟು ಬರುವುದು ಸಣ್ಣ ತಪ್ಪಲ್ಲ. ಬಣ್ಣಗಳ ವಿಷಯಕ್ಕೆ ಬಂದರೆ, 1918ರಲ್ಲಿ ಅಮೆರಿಕದ ಮಕ್ಕಳ ಉಡುಪು ವ್ಯಾಪಾರಿಗಳ ಪತ್ರಿಕೆಯೊಂದು ಗಂಡುಮಕ್ಕಳಿಗೆ ಗುಲಾಬಿ, ಹೆಣ್ಣುಮಕ್ಕಳಿಗೆ ನೀಲಿ ಒಪ್ಪುತ್ತದೆ ಎಂದು ಬರೆದಿತ್ತು. ನಮ್ಮ ಮನೆಗಳಲ್ಲಿ ಹುಟ್ಟಿದ ಮಗುವನ್ನು ಸುತ್ತುವುದು ಅಜ್ಜಿಯ ಹಳೆಯ ಹತ್ತಿ ಸೀರೆಯಲ್ಲಿ. ಅದರ ಬಣ್ಣ ಯಾವುದೆಂದು ಯಾರೂ ಕೇಳುವುದಿಲ್ಲ, ಮೆತ್ತಗಿದ್ದರೆ ಸಾಕು.

ಹಾಗಾದರೆ ಸೊಸೆಗೆ ಏನು ಕೊಡಬಹುದು? ಅವಳು ಬಯಸುತ್ತಿರುವುದು ತನ್ನ ಬಸಿರಿನ ಸಂಭ್ರಮದಲ್ಲಿ ನೀವೆಲ್ಲ ಸೇರಬೇಕು ಎಂದು. ಬಸಿರಿನ ವಾಂತಿ, ಸುಸ್ತು, ಸಂಕಟಗಳನ್ನು ಅವಳು ಒಬ್ಬಳೇ ಕಳೆದಿದ್ದಾಳೆ. ಅಪ್ಪೆಹುಳಿ ಕುಡಿಯಬೇಕೆನಿಸಿದಾಗ ಅಲ್ಲಿ ಅಪ್ಪೆಮಿಡಿ ಎಲ್ಲಿ ಸಿಗಬೇಕು? ಬರುವ ಮೊದಲೇ ಫೋನು ಮಾಡಿ ಅವಳ ಬಯಕೆಯ ಪಟ್ಟಿ ಕೇಳಿ ಬರೆದುಕೊಳ್ಳಿ. ತೊಡದೇವು ಇರಲಿ, ಹಲಸಿನ ಕಡುಬು ಇರಲಿ, ಅವಳು ಹೇಳಿದ್ದನ್ನೇ ಮಾಡಿಸಿ. ಹಸಿರು ಸೀರೆ, ಹಸಿರು ಬಳೆ, ಭಟ್ಕಳದ ಮಲ್ಲಿಗೆ ತರಿಸಿ. ಅವಳಿಗೆ ಕೇಕ್ ಇಷ್ಟವಿದ್ದರೆ ಕೇಕ್ ಕೂಡ ಇರಲಿ, ಒಳಗೆ ಯಾವ ಸುದ್ದಿಯೂ ಇಲ್ಲದ ಕೇಕ್. ಬಂದ ಹಿರಿಯ ಹೆಂಗಸರಲ್ಲಿ ಒಬ್ಬೊಬ್ಬರೂ ತಮ್ಮ ಬಸಿರಿನ, ಹೆರಿಗೆಯ ಒಂದು ನೆನಪನ್ನು ಹೇಳಲಿ, ಮಗ ಅದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಲಿ. ಡಲ್ಲಾಸ್‌ಗೆ ಹಿಂದಿರುಗಿದ ಮೇಲೆ ಹೆರಿಗೆಯ ಭಯ ಕಾಡುವ ರಾತ್ರಿಗಳಲ್ಲಿ ಅವಳಿಗೆ ಅದು ಪುಡಿ ಹಾರಿದ ವಿಡಿಯೋಕ್ಕಿಂತ ಹೆಚ್ಚು ಆಸರೆಯಾದೀತು. ಪೇಡೆ, ಬರ್ಫಿಯ ಆಟವನ್ನು ಮಾತ್ರ ನಿಮ್ಮ ಮನೆಯಲ್ಲಿ ನಾನು ಬೇಡವೆನ್ನುತ್ತೇನೆ. ಎಲ್ಲೋ ಒಂದು ಲಕೋಟೆ ಇದೆ ಎಂದು ಎಲ್ಲರಿಗೂ ತಿಳಿದಿರುವಾಗ ಊಹೆ ಊಹೆಯಾಗಿ ಉಳಿಯುವುದಿಲ್ಲ.

ಗುಟ್ಟು ಬಿಚ್ಚುವ ಸಂತೋಷವೇ ಬೇಕೆಂದರೆ ಹೆಸರಿದೆ. ಹುಟ್ಟಿದ ಹನ್ನೆರಡನೆಯ ದಿನದ ನಾಮಕರಣದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಬರೆಯುವವರೆಗೆ, ಕಿವಿಯಲ್ಲಿ ಹೇಳುವವರೆಗೆ ಹೆಸರನ್ನು ಯಾರಿಗೂ ತಿಳಿಸದೆ ಇಟ್ಟುಕೊಳ್ಳಲಿ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಬಾರಸೆಯ ದಿನ ತೊಟ್ಟಿಲ ಸುತ್ತ ನೆರೆದವರು ಹೆಸರಿಗಾಗಿ ಕಾಯುವ ಕುತೂಹಲ ಯಾವ ಪಾರ್ಟಿಗೂ ಕಡಿಮೆಯಿಲ್ಲ. ಅದನ್ನು ವಿಡಿಯೋ ಕರೆಯಲ್ಲಿ ಊರಿನವರೆಲ್ಲ ನೋಡಬಹುದು.

ನೀವು ಕೇಳದ ಎರಡು ವಿಷಯಗಳನ್ನೂ ಹೇಳಿಬಿಡುತ್ತೇನೆ, ವೈದ್ಯೆಯಾಗಿ ಇವು ನನಗೆ ಪಾರ್ಟಿಗಿಂತ ಮುಖ್ಯ. ಒಂದು, ವಿಮಾನ ಪ್ರಯಾಣ. 28 ವಾರ ದಾಟಿದ ಮೇಲೆ ಹೆಚ್ಚಿನ ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ, ಇನ್ನೂ ಮುಂದೆ ಹೋದರೆ ಹತ್ತಿಸಿಕೊಳ್ಳುವುದೇ ಇಲ್ಲ. ಹೆರಿಗೆ ಅಲ್ಲಿಯೇ ಎಂದಾದರೆ, ಸೀಮಂತದ ಮುಹೂರ್ತವನ್ನು ಏಳನೆಯ ತಿಂಗಳ ಆರಂಭದಲ್ಲೇ ನೋಡಿಸಿ. ಅಷ್ಟು ದೀರ್ಘ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಗರ್ಭಿಣಿಯರಿಗೆ ಹೆಚ್ಚು. ಆಗಾಗ ಎದ್ದು ಓಡಾಡಬೇಕು, ನೀರು ಕುಡಿಯುತ್ತಿರಬೇಕು, ಕಾಲಿಗೆ ಬಿಗಿಯಾದ ವೈದ್ಯಕೀಯ ಕಾಲುಚೀಲದ ಬಗ್ಗೆ ಅಲ್ಲಿಯ ವೈದ್ಯರನ್ನು ಕೇಳಬೇಕು. ಎರಡು, ಘಟ್ಟ. ಸೀಮಂತದಲ್ಲಿ ದಿನವಿಡೀ ಮಣೆಯ ಮೇಲೆ ಕುಳಿತು, ಹೊಗೆ ಕುಡಿದು, ಊಟ ತಡವಾಗಿ ದಣಿದವಳನ್ನು ಮರುದಿನವೇ ದೇವಿಮನೆ ಘಟ್ಟ ಇಳಿಸಿ ಕಾರವಾರಕ್ಕೆ ಕರೆದೊಯ್ದು ಅದೇ ಸಂಜೆ ಹಿಂದೆ ಕರೆತರುವುದು ನನಗೆ ಸರಿಕಾಣುವುದಿಲ್ಲ. ಕಡಲು ನೋಡಬೇಕೆಂಬ ಆಸೆಯಿದ್ದರೆ ಗೋವಾ ವಿಮಾನ ನಿಲ್ದಾಣಕ್ಕೆ ಹಿಂದಿರುಗುವಾಗ ಕಾರವಾರದಲ್ಲಿ ಒಂದು ರಾತ್ರಿ ಉಳಿಯಲಿ, ಗಂಡ ಹೆಂಡತಿ ಇಬ್ಬರೇ ಮರಳಿನ ಮೇಲೆ ನಡೆದಾಡಲಿ.

ಈಗ ಹೇಳುವ ಬಗೆ. ಯಜಮಾನರಿಂದ ಹೇಳಿಸಬೇಡಿ, ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ನೀವೇ ಸೊಸೆಗೆ ನೇರವಾಗಿ ಫೋನು ಮಾಡಿ, ಮಗನ ಮೂಲಕವಲ್ಲ. ಹೀಗೆ ಹೇಳಿ ನೋಡಿ: ‘ನಿನ್ನ ಸಂತೋಷಕ್ಕೆ ನಾವೆಲ್ಲ ಕಾಯುತ್ತಿದ್ದೇವೆ. ಕಾರವಾರದ ಪಾರ್ಟಿ ಮಾತ್ರ ಬೇಡ ಮಗಳೇ. ಇಲ್ಲಿ ಅದು ಕಾನೂನಿಗೆ ವಿರುದ್ಧ, ಚೆನ್ನೈಯಲ್ಲಿ ಹೀಗೆ ಮಾಡಿದವರಿಗೆ ನೋಟಿಸ್ ಬಂದಿದೆ. ಅದಕ್ಕಿಂತ ಹೆಚ್ಚಾಗಿ, ನಿನ್ನ ಅಕ್ಕನ ಇಬ್ಬರು ಹೆಣ್ಣುಮಕ್ಕಳ ಎದುರಿಗೆ ಎರಡು ಬಣ್ಣ ಇಟ್ಟು ಕೇಕೆ ಹಾಕುವುದು ನನ್ನಿಂದಾಗದು. ನಿನಗೆ ಹೇಗೆ ಬೇಕೋ ಹಾಗೆ ಸೀಮಂತ ಮಾಡೋಣ, ಏನೇನು ಬೇಕು ಹೇಳು.’ ವಾರಗಿತ್ತಿಯನ್ನು ಅಕ್ಕ ಎಂದು ಕರೆಯುವ ಹುಡುಗಿಯಾದರೆ ಆ ಮಾತು ಅವಳಿಗೆ ನಾಟುತ್ತದೆ. ಬೇಸರವಾದರೆ ಆಗಲಿ, ನಾಲ್ಕು ದಿನ ಬಿಟ್ಟು ಮತ್ತೆ ಫೋನು ಮಾಡಿ, ಬೇರೆ ವಿಷಯ ಮಾತಾಡಿ.

ಅವರು ಡಲ್ಲಾಸ್‌ನಲ್ಲಿ ಗೆಳೆಯರ ಜೊತೆ ಪಾರ್ಟಿ ಮಾಡಿಕೊಂಡರೆ ಅದು ಅವರಿಷ್ಟ. ಆದರೆ ನಿಮಗೆ ವಿಡಿಯೋ ಕಳಿಸಬಾರದು, ಫೋನಿನಲ್ಲಿಯೂ ಹೇಳಬಾರದು ಎಂದು ಕೇಳಿಕೊಳ್ಳಿ. ಗೊತ್ತಿದ್ದವರ ಬಾಯಿಂದ ಸುದ್ದಿ ಜಾರುವ ದಾರಿಗಳು ಹಲವು: ಮಾತಿನ ನಡುವೆ ‘ಅವನು’, ‘ಅವಳು’ ಎಂದುಬಿಡುವುದು, ಗೆಳೆಯರಿಗಾಗಿ ಮಾಡಿದ ಉಡುಗೊರೆಯ ಪಟ್ಟಿಯಲ್ಲಿ ಒಂದೇ ಬಣ್ಣದ ಬಟ್ಟೆಗಳು, ಒಂದೇ ಬಗೆಯ ಹೆಸರುಗಳ ಚರ್ಚೆ. ಸೀಮಂತಕ್ಕೆ ಬಂದವರು ‘ಅಮೆರಿಕದಲ್ಲಿ ಹೇಳುತ್ತಾರಂತಲ್ಲ, ಏನಂತೆ?’ ಎಂದು ಕೇಳಿಯೇ ಕೇಳುತ್ತಾರೆ. ಸೊಸೆ ಉತ್ತರಿಸುವಂತಾಗಬಾರದು, ನೀವೇ ಮುಂದೆ ಬಂದು ‘ನಮಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವುದೂ ಇಲ್ಲ, ಊಟಕ್ಕೆ ಏಳಿ’ ಎಂದುಬಿಡಿ. ಅತ್ತೆಯೇ ಹಾಗೆ ಹೇಳಿದ ಮೇಲೆ ಎರಡನೆಯ ಸಲ ಕೇಳುವವರು ಕಡಿಮೆ.

ಆಯೋಜಕನಿಗೆ ಈ ವಾರದಲ್ಲೇ ಬರಹದಲ್ಲಿ ತಿಳಿಸಿ. ಕಾರ್ಯಕ್ರಮ ಕಾನೂನಿಗೆ ವಿರುದ್ಧವಾದ್ದರಿಂದ ರದ್ದು ಮಾಡುತ್ತಿದ್ದೇವೆ ಎಂದು ಸಂದೇಶ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಮುಂಗಡವನ್ನು ಹಿಂದಿರುಗಿಸಲು ಅವನು ಒಪ್ಪದಿದ್ದರೆ ಅದೇ ಹಣದಲ್ಲಿ ಸೀಮಂತದ ದಿನದ ಚಪ್ಪರ, ಹೂವು, ದೀಪದ ಅಲಂಕಾರ ಮಾಡಿಕೊಡು ಎಂದು ಕೇಳಿ. ಗುಲಾಬಿ, ನೀಲಿ ಬಿಟ್ಟು ಯಾವ ಬಣ್ಣವಾದರೂ ಆದೀತು ಎಂದು ಮೊದಲೇ ಹೇಳಿಡಿ.